ಚಿತ್ರದುರ್ಗದ ಬಿಸಿಲಿನಲ್ಲಿ ರೀಲು ತೊಳೆಯುವುದು ಹೇಗೆ?

ಕಪ್ಪು ಬಿಳುಪು ರೀಲನ್ನು ಮನೆಯಲ್ಲಿ ತೊಳೆಯಲು, ಅಂದರೆ ಅದರಲ್ಲಿ ತೆಗೆದ ಚಿತ್ರ ಮೂಡಿಸಲು, ಕತ್ತಲಿಗಿಂತ ಮುಖ್ಯವಾಗಿ ಬೇಕಾದದ್ದು ತಣ್ಣೀರು. ಫಿಲ್ಮನ್ನು ಸುರುಳಿಗೆ ಸುತ್ತಿ, ಬೆಳಕು ನುಗ್ಗದ ಡೆವಲಪಿಂಗ್ ಟ್ಯಾಂಕಿನೊಳಗಿಟ್ಟು ಮುಚ್ಚಳ ಬಿಗಿಯುವವರೆಗೆ ಮಾತ್ರ ಪೂರ್ಣ ಕತ್ತಲು ಸಾಕು. ರಾತ್ರಿಯ ಬಚ್ಚಲುಮನೆ ಅದಕ್ಕೆ ಅನುಕೂಲ. ಸಾಮಾನ್ಯ ಫಿಲ್ಮ್ ಕೆಂಪು ಬೆಳಕಿಗೂ ಕೆಡುತ್ತದೆ, ಮೊಬೈಲನ್ನು ಹೊರಗಿಡಿ. ಹಾಳಾದ ರೀಲೊಂದನ್ನು ಕಣ್ಣು ಮುಚ್ಚಿಕೊಂಡು ಸುತ್ತಿ ಮೊದಲೇ ಕೈ ಪಳಗಿಸಿಕೊಳ್ಳಿ.

ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್‌ಗೆ ಸೂಚಿಸುವ ಉಷ್ಣಾಂಶ 20 ಡಿಗ್ರಿ. ಏಪ್ರಿಲ್‌ನಲ್ಲಿ ದುರ್ಗದ ಮನೆಗಳ ತಾರಸಿ ಟ್ಯಾಂಕಿನ ನೀರು ಇದರ ಹತ್ತಿರವೂ ಸುಳಿಯುವುದಿಲ್ಲ. ಬಿಸಿ ಹೆಚ್ಚಿದಷ್ಟೂ ಡೆವಲಪರ್ ಅವಸರದಿಂದ ಕೆಲಸ ಮಾಡುತ್ತದೆ. ಅವಧಿ ಐದು ನಿಮಿಷಕ್ಕಿಂತ ಕಡಿಮೆಯಾದರೆ ಚಿತ್ರ ಒಂದೇ ಸಮನಾಗಿ ಮೂಡುವುದು ಕಷ್ಟ. ಬಕೆಟ್ಟಿನ ನೀರಿಗೆ ಐಸ್ ಹಾಕಿ, ದ್ರಾವಣದ ಬಾಟಲಿಗಳನ್ನು ಅದರಲ್ಲಿ ನಿಲ್ಲಿಸಿ, ಥರ್ಮಾಮೀಟರ್ ನೋಡುತ್ತಿರಿ. ಐಸನ್ನು ದ್ರಾವಣಕ್ಕೇ ಹಾಕಬೇಡಿ, ತೆಳುವಾಗುತ್ತದೆ. ಇಲ್ಫೋರ್ಡ್ ಎಚ್‌ಪಿ5 ಫಿಲ್ಮಿಗೆ, ಸಮಪಾಲು ನೀರು ಬೆರೆಸಿದ ಡಿ-76 ಡೆವಲಪರ್‌ನಲ್ಲಿ, 20 ಡಿಗ್ರಿಗೆ 11 ನಿಮಿಷ. 24 ಡಿಗ್ರಿಗೆ ಸುಮಾರು 8. ಮೊದಲ ಅರ್ಧ ನಿಮಿಷ ಟ್ಯಾಂಕನ್ನು ಬಿಡದೆ ತಲೆಕೆಳಗು ಮಾಡಿ, ಗುಳ್ಳೆ ಬಿಡಿಸಲು ಒಮ್ಮೆ ಕುಟ್ಟಿ, ಆಮೇಲೆ ಪ್ರತಿ ನಿಮಿಷಕ್ಕೆ ಹತ್ತು ಸೆಕೆಂಡು.

ಬಳಿಕ ಅರ್ಧ ನಿಮಿಷ, ಡೆವಲಪರ್‌ನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್. ಬಿಳಿ ವಿನೆಗರ್ ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿದರೆ ನಡೆಯುತ್ತದೆ. ಆಮೇಲೆ ಹೈಪೋ, ಚಿತ್ರ ಬೆಳಕಿಗೆ ಕೆಡದಂತೆ ನಿಲ್ಲಿಸುವ ದ್ರಾವಣ. ಅದರ ಅವಧಿಯನ್ನು ನೀವೇ ಕಂಡುಕೊಳ್ಳಬಹುದು: ರೀಲಿನ ತುದಿಯ ತುಂಡನ್ನು ಅದರಲ್ಲಿ ಅದ್ದಿ, ಹಾಲುಬಣ್ಣ ಹೋಗಲು ಹಿಡಿದ ಸಮಯವನ್ನು ಇಮ್ಮಡಿ ಮಾಡಿ. ತೊಳೆಯುವ ನೀರೂ ಅದೇ ಉಷ್ಣಾಂಶದಲ್ಲಿರಲಿ. ತಣ್ಣನೆಯ ದ್ರಾವಣದಿಂದ ಒಮ್ಮೆಲೇ ಬಿಸಿನೀರಿಗೆ ಬಿದ್ದರೆ ಫಿಲ್ಮಿನ ಲೇಪ ಸುಕ್ಕುಗಟ್ಟಬಹುದು.

ಕೊಳವೆಬಾವಿಯ ಗಡಸು ನೀರು ಒಣಗಿದಾಗ ನೆಗೆಟಿವ್ ಮೇಲೆ ಬಿಳಿ ಚುಕ್ಕೆ ಉಳಿಸುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಕೊನೆಯ ಅದ್ದು ಕೊಡಿ. ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿಗೆ ಕಿಟಕಿ ತೆರೆದಿಟ್ಟು ಒಣಗಿಸಿದರೆ ಧೂಳು ಅಂಟಿ ಇಡೀ ಶ್ರಮ ಹಾಳಾಗುತ್ತದೆ. ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲೇ ತೂಗುಹಾಕಿ.

ಪ್ರಿಂಟಿಗೆ ನೆಗೆಟಿವನ್ನು ಹಿಗ್ಗಿಸಿ ತೋರುವ ಎನ್‌ಲಾರ್ಜರ್ ಇಲ್ಲದಿದ್ದರೆ, ನೆಗೆಟಿವಿನ ಅಳತೆಯಲ್ಲೇ ಬರುವ ಕಾಂಟ್ಯಾಕ್ಟ್ ಪ್ರಿಂಟಿನಿಂದ ಆರಂಭಿಸಿ. ಕಾಗದವನ್ನು ಕೆಡಿಸದ ಕೆಂಪು ಸೇಫ್‌ಲೈಟಿನಡಿ, ಬ್ರೋಮೈಡ್ ಎಂಬ ಫೋಟೊ ಕಾಗದದ ಮೇಲೆ ನೆಗೆಟಿವ್, ಅದರ ಮೇಲೆ ಗಾಜು. ಕಾಗದದ ಪಟ್ಟಿಯೊಂದನ್ನು ಎರಡೆರಡು ಸೆಕೆಂಡಿಗೆ ಸ್ವಲ್ಪ ಸ್ವಲ್ಪವೇ ರಟ್ಟಿನಿಂದ ಮುಚ್ಚುತ್ತಾ ಬಲ್ಬಿನ ಬೆಳಕು ಕೊಟ್ಟು, ಡೆವಲಪ್ ಮಾಡಿ, ಸರಿಯಾದ ಅವಧಿ ಆರಿಸಿ. ನಡುಮಧ್ಯಾಹ್ನ ತೆಗೆದ ಕೋಟೆಯ ಬಂಡೆಗಳು ಪ್ರಿಂಟಿನಲ್ಲಿ ಬರಿಯ ಬಿಳಿಯಾಗಿ ಬಂದರೆ, ಉಳಿದ ಭಾಗವನ್ನು ರಟ್ಟಿನಿಂದ ಮರೆಮಾಡಿ ಬಂಡೆಗಷ್ಟೇ ಇನ್ನಷ್ಟು ಬೆಳಕು ಕೊಡಿ. ಕಲ್ಲಿನ ಒರಟು ಮೈ ಆಗ ಕಾಣುತ್ತದೆ. ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಹಂತ ಇದು.

ಬಳಸಿದ ಹೈಪೋವನ್ನು ಗಿಡಕ್ಕಾಗಲಿ ಚರಂಡಿಗಾಗಲಿ ಸುರಿಯಬೇಡಿ, ಅದರಲ್ಲಿ ಬೆಳ್ಳಿ ಕರಗಿರುತ್ತದೆ. ಕ್ಯಾನಿನಲ್ಲಿ ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಕೂಡಿಡಿ. ಎಕ್ಸ್-ರೇ ಹೈಪೋದಿಂದ ಬೆಳ್ಳಿ ತೆಗೆಯುವವರು ಸಿಕ್ಕರೆ ಅವರಿಗೆ ಕೊಡಿ.