ಪೈಪ್ ಹಿಡಿದ ಕೈಗೆ ಟೆಸ್ಟರ್: ಕಿರು ವಿದ್ಯುತ್ ತರಬೇತಿ ಆರಿಸಿಕೊಳ್ಳುವುದು ಹೇಗೆ?

ಬೆಳಗ್ಗೆ ಹತ್ತಕ್ಕೆಲ್ಲ ಪೈಪ್ ಜೋಡಿಸಿ, ಪಂಪು ಕೂರಿಸಿ ಆಗಿರುತ್ತದೆ. ನೀರು ಮೇಲೇರುವುದು ಮಾತ್ರ ಸಂಜೆ ಎಲೆಕ್ಟ್ರೀಷಿಯನ್ ಬಂದು ಸಂಪರ್ಕ ಕೊಟ್ಟ ಮೇಲೆಯೇ. ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಪ್ಲಂಬರ್‌ಗಳಿಗೂ ಪಂಪು ರಿಪೇರಿಯವರಿಗೂ ಈ ಕಾಯುವಿಕೆ ಹೊಸದೇನಲ್ಲ. ಒಂದು ತಿಂಗಳ ವಿದ್ಯುತ್ ತರಬೇತಿ ಪಡೆದರೆ ಈ ಕೆಲಸವನ್ನೂ ನಾವೇ ಮಾಡಬಹುದಲ್ಲವೇ ಎಂದು ಅವರು ಕೇಳುತ್ತಾರೆ. ಒಂದಷ್ಟನ್ನು ಖಂಡಿತ ಮಾಡಬಹುದು. ಎಷ್ಟನ್ನು ಎಂಬುದು ತರಬೇತಿಗೆ ಸೇರುವ ಮೊದಲೇ ತಿಳಿದಿರಲಿ.

ಮೊದಲು ಒಂದು ನೋಟ್ ಪುಸ್ತಕ

ಒಂದು ತಿಂಗಳು ನಿಮ್ಮ ಕೆಲಸ ವಿದ್ಯುತ್ತಿನ ಕಾರಣಕ್ಕೆ ಎಲ್ಲೆಲ್ಲಿ ನಿಂತಿತು ಎಂದು ಬರೆದಿಡಿ. ಪಂಪಿನ ಕೆಪಾಸಿಟರ್, ಸ್ಟಾರ್ಟರ್ ಎಂದೇ ಪುಟ ತುಂಬಿದರೆ ನಿಮಗೆ ಬೇಕಾದದ್ದು ಮೋಟಾರ್ ರಿವೈಂಡಿಂಗ್ ಮತ್ತು ಪಂಪು ದುರಸ್ತಿಯ ತರಬೇತಿ. ಮನೆ ಕಟ್ಟುವ ಮೇಸ್ತ್ರಿಗಾದರೆ ಗೋಡೆಯೊಳಗಿನ ಪೈಪ್ ಹಾದಿ, ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿ ಇವನ್ನು ಹೇಳಿಕೊಡುವ ಮನೆ ವೈರಿಂಗ್ ತರಬೇತಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪಕ್ಕದವನು ಸೇರಿದ ಎಂದು ಸೋಲಾರ್ ತರಬೇತಿಗೆ ಹೋಗಬೇಡಿ.

ಪ್ರಮಾಣಪತ್ರ ಬೇರೆ, ಪರ್ಮಿಟ್ ಬೇರೆ

ಹೆಚ್ಚಿನವರು ಎಡವುವುದು ಇಲ್ಲಿಯೇ. ತರಬೇತಿ ಸಂಸ್ಥೆ ಕೊಡುವ ಪ್ರಮಾಣಪತ್ರ ನೀವು ಕಲಿತಿದ್ದೀರಿ ಎಂದಷ್ಟೇ ಹೇಳುತ್ತದೆ. ವೈರಿಂಗ್ ಮಾಡುವ ಅಧಿಕಾರ ಅದರಿಂದ ಸಿಗುವುದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಹೊಸ ವೈರಿಂಗ್, ಇರುವುದರ ಬದಲಾವಣೆ, ದುರಸ್ತಿ ಎಲ್ಲವನ್ನೂ ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕ, ಅರ್ಹ ಮೇಲ್ವಿಚಾರಕರ ಕೆಳಗೆ, ಪರ್ಮಿಟ್ ಹೊಂದಿದವರೇ ಮಾಡಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, 250 ವೋಲ್ಟ್ ಮೀರದ ಗೃಹೋಪಯೋಗಿ ಉಪಕರಣ ಇವುಗಳನ್ನು ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದಂತೆ ಹಳತನ್ನು ತೆಗೆದು ಹೊಸದನ್ನು ಹಾಕುವುದಕ್ಕೆ ಮಾತ್ರ ವಿನಾಯಿತಿ ಇದೆ. ಗೀಸರ್‌ಗೆಂದು ಹೊಸ ಲೈನ್ ಎಳೆಯುವುದು, ತೋಟದ 415 ವೋಲ್ಟಿನ ತ್ರೀ ಫೇಸ್ ಪಂಪಿಗೆ ಸಂಪರ್ಕ ಕೊಡುವುದು ಈ ಗೆರೆಯಿಂದ ಆಚೆಗಿನ ಕೆಲಸಗಳು.

ಕೇರಳದಲ್ಲಿ ವೈರ್‌ಮನ್ ಪರ್ಮಿಟ್ ಕೊಡುವುದು ರಾಜ್ಯದ ವಿದ್ಯುತ್ ಲೈಸೆನ್ಸಿಂಗ್ ಮಂಡಳಿ. ನಿಮ್ಮ ಓದು ಮತ್ತು ಅನುಭವಕ್ಕೆ ಅಲ್ಲಿ ಯಾವ ದಾರಿ ಇದೆ ಎಂದು ಜಿಲ್ಲಾ ವಿದ್ಯುತ್ ಪರಿವೀಕ್ಷಕರ ಕಚೇರಿಯಲ್ಲಿ ಮೊದಲೇ ಕೇಳಿ. ಮಂಜೇಶ್ವರದವರು ತಲಪಾಡಿ ದಾಟಿ ಮಂಗಳೂರಿನಲ್ಲೂ ಕೆಲಸ ಹಿಡಿಯುತ್ತಾರೆ. ಪರ್ಮಿಟ್ ಕೊಡುವುದು ಆಯಾ ರಾಜ್ಯವಾದ್ದರಿಂದ, ಗಡಿಯಾಚೆ ಕೆಲಸ ಒಪ್ಪಿಕೊಳ್ಳುವ ಮುನ್ನ ಕರ್ನಾಟಕದ ವಿದ್ಯುತ್ ಪರಿವೀಕ್ಷಣಾಲಯದಲ್ಲೂ ವಿಚಾರಿಸಬೇಕು.

ಎಲ್ಲಿ, ಯಾವಾಗ?

ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಹೆಸರು ಈ ಭಾಗದವರು ಕೇಳಿಯೇ ಇರುತ್ತಾರೆ. ಅದೇ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ ನಮ್ಮ ಜಿಲ್ಲೆಯಲ್ಲೂ ಇದೆ, ಕಾಞಂಗಾಡಿನ ಬಳಿಯ ವೆಳ್ಳಿಕ್ಕೋತ್‌ನಲ್ಲಿ. ಇಂಥ ಸಂಸ್ಥೆಗಳಲ್ಲಿ ತರಬೇತಿಗೆ ಶುಲ್ಕವಿಲ್ಲ, ಊಟ ವಸತಿಯೂ ಉಚಿತ. ಐಟಿಐಯ ಎಲೆಕ್ಟ್ರೀಷಿಯನ್ ಕೋರ್ಸ್ ಎರಡು ವರ್ಷದ್ದು. ಸಂಸಾರ ನಡೆಸುವ ಕೆಲಸಗಾರನಿಗೆ ಅದು ಕಷ್ಟ, ಮಗನಿಗಾದರೆ ಅದೇ ಸರಿ. ಪಾಠ ಮಲಯಾಳದಲ್ಲಿ ನಡೆಯುತ್ತದೆಯೇ, ಕನ್ನಡದಲ್ಲಿ ಓದಿದವರಿಗೆ ಬರವಣಿಗೆಯಲ್ಲಿ ನೆರವು ಸಿಗುತ್ತದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಊಟ ಉಚಿತವಾದರೂ ತಿಂಗಳ ಸಂಬಳ ಹೋಗುತ್ತದೆ. ಆದ್ದರಿಂದ ಮಳೆಗಾಲವೇ ಸೂಕ್ತ. ಆಗ ಕಟ್ಟಡದ ಕೆಲಸ ಕಡಿಮೆ, ಅಡಿಕೆ ತೋಟದ ಪಂಪುಗಳೂ ಮೌನವಾಗಿರುತ್ತವೆ.

ಸೇರುವ ಮೊದಲು ಒಮ್ಮೆ ನೋಡಿ ಬನ್ನಿ

ನಮ್ಮ ಬಾವಿಯ ಪಂಪು ಬದಲಿಸಿದವರು ಪೈಪಿನ ಕೆಲಸದಲ್ಲಿ ಬಹಳ ನುರಿತವರು. ಒಂದು ಹನಿ ಸೋರಲಿಲ್ಲ. ಅರ್ಥಿಂಗ್‌ನ ಹಸಿರು ವೈರನ್ನು ಮಾತ್ರ ಕತ್ತರಿಸಿ ಟೇಪ್ ಸುತ್ತಿದ್ದರು. ಅದಿಲ್ಲದೆಯೂ ಪಂಪು ತಿರುಗುತ್ತದಲ್ಲ! ಕೆಲವು ತಿಂಗಳ ಬಳಿಕ ಒದ್ದೆ ಕಾಲಿನಲ್ಲಿ ಪೈಪ್ ಮುಟ್ಟಿದಾಗ ಕೈ ಜುಮ್ಮೆಂದಿತು. ಅಂದಿನಿಂದ ಯಾವ ತರಬೇತಿಯ ಬಗ್ಗೆ ಕೇಳಿದರೂ ನನ್ನ ಮೊದಲ ಪ್ರಶ್ನೆ ಒಂದೇ: ಅರ್ಥಿಂಗನ್ನು ಅಳೆದು ತೋರಿಸುತ್ತಾರೆಯೇ, ಬರೀ ಬೋರ್ಡಿನ ಮೇಲೆ ಚಿತ್ರ ಬರೆಯುತ್ತಾರೆಯೇ? ನಮ್ಮದು ಮುರಕಲ್ಲಿನ ನೆಲ. ಮಳೆಯಲ್ಲಿ ಸರಿಯಾಗಿದ್ದ ಅರ್ಥಿಂಗ್ ಏಪ್ರಿಲ್‌ನಲ್ಲಿ ಗುಂಡಿ ಒಣಗಿದಾಗ ಕೈಕೊಡಬಹುದು. ಅಳೆಯಲು ಬಾರದವನಿಗೆ ಅದು ತಿಳಿಯುವುದೇ ಇಲ್ಲ.

ಎರಡನೆಯ ಪ್ರಶ್ನೆ, ಲೈನ್‌ನಲ್ಲಿ ವಿದ್ಯುತ್ ಇಲ್ಲ ಎಂದು ಖಚಿತಪಡಿಸಿಕೊಳ್ಳುವ ಅಭ್ಯಾಸವನ್ನು ಎಷ್ಟು ಸಲ ಮಾಡಿಸುತ್ತಾರೆ? ಮೇನ್ ಸ್ವಿಚ್ ಆರಿಸಿದರೆ ಸಾಲದು. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆರಿಸಿದ ಮೇಲೂ ಕೆಲವು ಲೈನ್‌ಗಳಲ್ಲಿ 230 ವೋಲ್ಟ್ ಹರಿಯುತ್ತಿರುತ್ತದೆ. ಮೀಟರನ್ನು ಮೊದಲು ವಿದ್ಯುತ್ ಇರುವ ಕಡೆ ಹಿಡಿದು ಅದು ಸರಿಯಿದೆಯೇ ನೋಡಬೇಕು, ಆಮೇಲೆ ಕೆಲಸ ಮಾಡುವ ಲೈನ್‌ನಲ್ಲಿ, ಕೊನೆಗೆ ಮತ್ತೆ ವಿದ್ಯುತ್ ಇರುವ ಕಡೆ. ಸ್ಕ್ರೂಡ್ರೈವರ್ ಟೆಸ್ಟರಿನ ಪುಟ್ಟ ದೀಪವನ್ನೇ ನಂಬಿ ಜೀವ ಒಡ್ಡಬಾರದು. ಪಂಪಿನ ಕೆಪಾಸಿಟರ್ ಸಹ ಒಳಗೆ ಉಳಿದ ವಿದ್ಯುತ್ತಿನಿಂದ ಸ್ವಿಚ್ ಆರಿಸಿದ ಮೇಲೂ ಹೊಡೆಯಬಹುದು.

ಕೆಟ್ಟ ವೈರಿಂಗ್ ಕೊಟ್ಟು ದೋಷ ಹುಡುಕಿಸುತ್ತಾರೆಯೇ, ವೈರಿನ ಇನ್ಸುಲೇಷನ್ ಅಳೆಯುವ ಮೆಗ್ಗರ್ ಪ್ರತಿಯೊಬ್ಬರ ಕೈಗೂ ಬರುತ್ತದೆಯೇ, ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಇಎಲ್‌ಸಿಬಿ ಯಾಕೆ ಬೀಳುತ್ತದೆ ಎಂದು ವಿವರಿಸುತ್ತಾರೆಯೇ ಎಂಬುದನ್ನೂ ನೋಡಿ. ಪದೇ ಪದೇ ಬೀಳುತ್ತದೆ ಎಂದು ಇಎಲ್‌ಸಿಬಿಯನ್ನೇ ತಪ್ಪಿಸಿ ಸಂಪರ್ಕ ಕೊಡಲು ಹೇಳಿಕೊಡುವ ಕಡೆಯಿಂದ ಎದ್ದು ಬನ್ನಿ.

ತರಬೇತಿ ಮುಗಿದ ಮೇಲೆ

ಒಳ್ಳೆಯ ಮಲ್ಟಿಮೀಟರ್, ಕ್ಲಾಂಪ್ ಮೀಟರ್ ಮತ್ತು ಇನ್ಸುಲೇಷನ್ ಇರುವ ಕೈ ಉಪಕರಣಗಳನ್ನು ಕೊಳ್ಳಿ. ಪರ್ಮಿಟ್ ಇರುವ ವೈರ್‌ಮನ್ ಒಬ್ಬರ ಜತೆ ಒಂದು ಬೇಸಿಗೆಯಾದರೂ ಓಡಾಡಿ. ಅವರಿಗೆ ಪೈಪಿನ ಕೆಲಸಕ್ಕೆ ಜನ ಬೇಕಿರುತ್ತದೆ, ನಿಮಗೆ ಅವರ ಮಾರ್ಗದರ್ಶನ ಬೇಕು. ಯಾವ ದಿನ, ಯಾರ ಕೆಳಗೆ, ಏನು ಕೆಲಸ ಎಂದು ಅದೇ ನೋಟ್ ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ಪರ್ಮಿಟ್ ವಿಚಾರಿಸಲು ಕಚೇರಿಗೆ ಹೋಗುವಾಗ ಆ ಪುಸ್ತಕವೂ ಜತೆಗಿರಲಿ.