ಹೆಸರು ಮುಚ್ಚಿ ಐಕಾನ್ ತೋರಿಸಿ

ವೆಬ್‌ಸೈಟಿನ ಐಕಾನ್‌ಗಳು, ಅಂದರೆ ಒತ್ತುವ ಪುಟ್ಟ ಚಿತ್ರಗಳು, ನೋಡುವವರಿಗೆ ಅರ್ಥವಾಗುತ್ತವೆಯೇ ಎಂದು ಪರೀಕ್ಷಿಸುವುದು ಹೀಗೆ. ಮಂಗಳೂರಿನಲ್ಲಿ ಮನೆಗೆ ಮೀನು ತಲುಪಿಸುವ ಅಂಗಡಿಯ ವೆಬ್‌ಸೈಟ್ ಎಂದಿಟ್ಟುಕೊಳ್ಳಿ. ಹುಡುಕಾಟಕ್ಕೆ ಭೂತಕನ್ನಡಿ, ಮುಖಪುಟಕ್ಕೆ ಮನೆ: ಇವು ಜನರಿಗೆ ರೂಢಿಯಾಗಿವೆ, ಪರೀಕ್ಷಿಸುತ್ತಾ ಕೂರಬೇಡಿ. ತಲೆನೋವು ಇರುವುದು ಅಂಗಡಿಯದ್ದೇ ಆದ ವಿಷಯಗಳಲ್ಲಿ: ಇಡೀ ಮೀನು, ಶುಚಿ ಮಾಡಿ ತುಂಡರಿಸಿದ್ದು, ಇವತ್ತಿನ ರೇಟು, ಈಗ ಸೀಸನ್ ಇಲ್ಲ.

ಒಂದೊಂದಕ್ಕೂ ಎರಡು ಮೂರು ಚಿತ್ರ ಮಾಡಿ. ಒಂದೇ ಕತ್ತರಿಯನ್ನು ದಪ್ಪ ಗೆರೆ, ಸಪೂರ ಗೆರೆಯಲ್ಲಿ ಬಿಡಿಸಿದರೆ ಎರಡಾಗಲಿಲ್ಲ. ಕತ್ತರಿ, ಚೂರಿ, ತುಂಡುಗಳಾದ ಮೀನು, ಹೀಗೆ ವಸ್ತುವೇ ಬೇರೆಯಿರಲಿ. ಸೈಟಿನಲ್ಲಿ ಬರುವ ಅಳತೆಯಲ್ಲೇ, 24 ಪಿಕ್ಸೆಲ್ ಆದರೆ 24ರಲ್ಲೇ, ಫೋನಿನಲ್ಲಿ, ಸಾಧ್ಯವಾದರೆ ಬಿಸಿಲಿಗೆ ನಿಂತು ತೋರಿಸಿ. ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ನೋಡುವಾಗ ಬಂಗುಡೆಯ ಬೆನ್ನಿನ ಗೆರೆಗಳು ಚೆಂದ ಕಾಣುತ್ತವೆ. 24 ಪಿಕ್ಸೆಲಿನಲ್ಲಿ ಬಂಗುಡೆಯೂ ಬೂತಾಯಿಯೂ ಒಂದೇ. ಅಂಥಲ್ಲಿ ಐಕಾನಿನ ಆಸೆ ಬಿಟ್ಟು ಫೋಟೊ ಮತ್ತು ಹೆಸರು ಹಾಕಿ.

ಆಫೀಸಿನವರನ್ನು ಕೇಳಿ ಪ್ರಯೋಜನವಿಲ್ಲ, ಅವರಿಗೆ ಉತ್ತರ ಮೊದಲೇ ಗೊತ್ತು. ಮೀನು ತರಿಸುವವರೇ ಬೇಕು, ಅವರಲ್ಲಿ ವಯಸ್ಸಾದವರೂ ಇರಲಿ. ದೊಡ್ಡ ಎಡವಟ್ಟುಗಳು ಐದಾರು ಜನರಲ್ಲೇ ಹೊರಬೀಳುತ್ತವೆ. ಎರಡು ಚಿತ್ರಗಳಲ್ಲಿ ಯಾವುದು ಮೇಲು ಎಂದು ಶೇಕಡಾ ಲೆಕ್ಕ ಹಾಕಬೇಕಾದರೆ ಐದಾರು ಸಾಲದು, ಒಂದೊಂದಕ್ಕೂ ಮೂವತ್ತು ನಲವತ್ತು ಜನರಾದರೂ ಬೇಕು. ಒಬ್ಬರಿಗೆ ಒಂದೇ ಚಿತ್ರ. ಎರಡನೆಯದನ್ನು ತೋರಿಸಿದರೆ ಮೊದಲಿನದರ ಮೇಲೆ ಊಹೆ ಶುರುವಾಗುತ್ತದೆ.

ಹೆಸರು ಮುಚ್ಚಿ ಕೇಳಿ: “ಇದನ್ನು ಒತ್ತಿದರೆ ಏನಾಗಬಹುದು?” “ಇದು ಮೀನು ಕತ್ತರಿಸಿ ಕೊಡುವುದು ಅಂತ ಗೊತ್ತಾಗುತ್ತದಲ್ಲ?” ಎಂದು ಕೇಳಿದರೆ ದಾಕ್ಷಿಣ್ಯಕ್ಕೆ ಎಲ್ಲರೂ ಹೌದು ಅನ್ನುತ್ತಾರೆ. ಉತ್ತರ ತುಳುವಿನಲ್ಲಿ ಬರಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ಬರಲಿ, ಬಂದ ಮಾತನ್ನೇ ಬರೆದುಕೊಳ್ಳಿ.

ಆಮೇಲೆ ವಿಂಗಡಿಸಿ: ಸರಿ, ಗೊತ್ತಿಲ್ಲ, ಬೇರೆಯೇ ಅರ್ಥ. ನಿಜವಾಗಿ ಕೆಡಿಸುವುದು ಮೂರನೆಯದು. ‘ಗೊತ್ತಿಲ್ಲ’ ಎಂದವರು ಕೆಳಗಿನ ಹೆಸರನ್ನು ಓದಿ ನೋಡುತ್ತಾರೆ. ಕತ್ತರಿ ಎಂದರೆ ಡಿಸ್ಕೌಂಟ್ ಕೂಪನ್ ಎಂದುಕೊಂಡವರು ಓದುವ ಗೋಜಿಗೇ ಹೋಗದೆ ಒತ್ತುತ್ತಾರೆ, ಇಡೀ ಅಂಜಲ್ ಮೀನು ಬೇಕಿದ್ದ ಮನೆಗೆ ತುಂಡು ಹೋಗುತ್ತದೆ. ಅಮೆರಿಕದ ಸುರಕ್ಷತಾ ಚಿಹ್ನೆಗಳ ಮಾನದಂಡ ಆನ್ಸಿ ಝಡ್535.3 ಸರಿ ಉತ್ತರವನ್ನೂ ತಪ್ಪು ಅರ್ಥವನ್ನೂ ಬೇರೆಯಾಗಿಯೇ ಎಣಿಸುತ್ತದೆ: ಕನಿಷ್ಠ ಶೇ 85 ಸರಿ, ಅಪಾಯ ತರುವಂಥ ತಪ್ಪು ಅರ್ಥ ಶೇ 5 ಮೀರಬಾರದು. ಮೀನಿನಂಗಡಿಗೆ ಅಷ್ಟು ಬಿಗಿ ಬೇಡ, ಎಣಿಸುವ ಕ್ರಮ ಮಾತ್ರ ಅದೇ ಇರಲಿ.

ಈ ಪರೀಕ್ಷೆಯಲ್ಲಿ ಗೆದ್ದು ಉಳಿದ ಚಿತ್ರಗಳನ್ನು ಪುಟದಲ್ಲಿ, ಹೆಸರಿನ ಜೊತೆಗೆ ಇಟ್ಟು ಕೆಲಸ ಕೊಡಿ: “ಒಂದು ಕಿಲೋ ಬೂತಾಯಿ, ಶುಚಿ ಮಾಡಿದ್ದು, ಆರ್ಡರ್ ಮಾಡಿ.” ಮೊದಲು ಎಲ್ಲಿ ಒತ್ತಿದರು, ಎಷ್ಟು ಹೊತ್ತು ತಡವರಿಸಿದರು ನೋಡಿ. ಬೆರಳು ಪಕ್ಕದ್ದಕ್ಕೆ ತಾಗಿದರೆ ಚಿತ್ರದ ತಪ್ಪಲ್ಲ: ಚಿತ್ರ 24 ಇದ್ದರೂ ಒತ್ತುವ ಜಾಗ 44 ಪಿಕ್ಸೆಲ್ ಇರಲಿ. ಕಣ್ಣಿಗೇ ಬೀಳದಿದ್ದರೆ ಬಣ್ಣ ನೋಡಿ, ಹಿನ್ನೆಲೆಯೊಡನೆ ಕನಿಷ್ಠ 3:1 ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಬೇಕು.

‘ಸೀಸನ್ ಇಲ್ಲ’ ಎನ್ನುವುದಕ್ಕೆ ಮಳೆಮೋಡ ಹಾಕುವ ಆಸೆಯಾಗುತ್ತದೆ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳಿಗೆ ನಿಷೇಧವಲ್ಲವೇ. ನೋಡುವವರಿಗೆ ಅದು ಹವಾಮಾನ ವರದಿ. ‘ಆಗಸ್ಟ್‌ನಲ್ಲಿ ಸಿಗುತ್ತದೆ’ ಎಂದು ಅಕ್ಷರದಲ್ಲೇ ಬರೆಯಿರಿ.

ತಿದ್ದಿದ ಮೇಲೆ ಮತ್ತೊಂದು ಸುತ್ತು ಹೊಸಬರ ಜೊತೆ ಮಾಡಿ. ಹಳಬರು ಈಗಾಗಲೇ ಕಲಿತುಬಿಟ್ಟಿರುತ್ತಾರೆ.