ಗ್ಯಾಸ್ ಗ್ರಿಲ್‌ಗೆ ಪಕ್ಕದ ಬರ್ನರ್ ಬೇಕೆ? ಕಲಬುರಗಿಯ ಮಾಳಿಗೆಯ ಅನುಭವ

ಮಾಳಿಗೆಯ ಮೇಲೆ ಒಂದು ಗ್ಯಾಸ್ ಗ್ರಿಲ್ ಇಡಬೇಕೆಂದು ಅಂಗಡಿಗೆ ಹೋದವರು ಸಾಮಾನ್ಯವಾಗಿ ಒಂದೇ ಕಡೆ ಅನುಮಾನಕ್ಕೆ ಬೀಳುತ್ತಾರೆ: ಬಲಗಡೆಯ ಹಲಗೆಯಲ್ಲಿ ಮುಚ್ಚಳದ ಅಡಿ ಕೂತಿರುವ ಆ ಒಂಟಿ ಬರ್ನರಿಗೆ ಹೆಚ್ಚಿನ ಹಣ ಕೊಡಬೇಕೆ, ಬೇಡವೆ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅಡುಗೆಮನೆ ಕೆಳಗಿದ್ದು ಗ್ರಿಲ್ ಮೇಲಿದ್ದರೆ, ಒಗ್ಗರಣೆ, ಸಾರು, ಚಹಾದಂಥ ಸಣ್ಣ ಪಾತ್ರೆಯ ಕೆಲಸಕ್ಕೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಜೋಳದ ರೊಟ್ಟಿ, ತಹರಿ ಎಂಬ ಮಸಾಲೆ ಅನ್ನ ಅಥವಾ ಮಿರ್ಚಿ ಭಜಿಗಾಗಿ ಕೊಳ್ಳುವುದಾದರೆ ಆ ಹಣವನ್ನು ಉಳಿಸಿ, ಬೇರೆ ಒಲೆಯೊಂದನ್ನು ತರುವುದು ಮೇಲು.

ನಿಮ್ಮ ಮನೆಗೆ ಯಾವುದು ಸರಿ ಎಂದು ತಿಳಿಯಲು ಒಂದು ಸುಲಭದ ದಾರಿಯಿದೆ. ಗ್ರಿಲ್ ಕೊಳ್ಳುವ ಮೊದಲು ನಾಲ್ಕೈದು ಸಲ ಮಾಳಿಗೆಯಲ್ಲಿ ಇದ್ದಿಲಿನ ಒಲೆ ಹೂಡಿ ಅಡುಗೆ ಮಾಡಿರಿ. ಪ್ರತಿ ಸಲ ಯಾವ ಕೆಲಸಕ್ಕಾಗಿ ಮೆಟ್ಟಿಲಿಳಿದು ಕೆಳಗಿನ ಒಲೆಗೆ ಹೋದಿರಿ ಎಂಬುದನ್ನು ಚೀಟಿಯಲ್ಲಿ ಬರೆದಿಡಿರಿ. ನಮ್ಮ ಚೀಟಿಯಲ್ಲಿ ಹೆಚ್ಚಾಗಿ ಇದ್ದದ್ದು ಸುಟ್ಟ ಬದನೆಕಾಯಿಯ ಪಲ್ಯದ ಒಗ್ಗರಣೆ. ಬದನೆಕಾಯಿ ಕೆಂಡದ ಮೇಲೆ ಸಿಪ್ಪೆ ಕಪ್ಪಾಗಿ ಕುಸಿಯುವ ಹೊತ್ತಿಗೆ, ಎಣ್ಣೆಯಲ್ಲಿ ಸಾಸಿವೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಸಿದ್ಧವಾಗಿರಬೇಕು. ಒಣ ಮೆಣಸಿನಕಾಯಿ ಹುರಿಯುವಾಗಿನ ಘಾಟು ಮನೆಯೊಳಗೆ ತುಂಬದೆ ಹೊರಗೇ ಹೋಗುವುದು ಇನ್ನೊಂದು ಅನುಕೂಲ. ಮನೆಯಲ್ಲಿ ಕೆಮ್ಮು, ದಮ್ಮಿನ ತೊಂದರೆ ಇರುವವರಿದ್ದರೆ ಇದೊಂದೇ ಕಾರಣಕ್ಕೂ ಪಕ್ಕದ ಬರ್ನರ್ ಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ. ಅಡುಗೆಮನೆಯ ಬಾಗಿಲಿಗೆ ಹೊಂದಿಕೊಂಡ ಅಂಗಳದಲ್ಲೇ ಗ್ರಿಲ್ ಇಡುವವರಿಗೆ ಅದರ ಅಗತ್ಯವಿಲ್ಲ.

ಇನ್ನು ರೊಟ್ಟಿಯ ಮಾತು. ಅಂಗಡಿಯವರು "ಇದರ ಮೇಲೆ ರೊಟ್ಟಿನೂ ಆಗ್ತಾವ್ರಿ" ಎಂದು ಹೇಳುತ್ತಾರೆ, ನಾವೂ ನಂಬಿದೆವು. ನಮ್ಮ ತಾಯಿಯವರು ಒಂದು ಸಂಜೆ ಪರಾತಿನಲ್ಲಿ ಹಿಟ್ಟು ನಾದಿ, ರೊಟ್ಟಿ ಬಡಿದು, ಕಬ್ಬಿಣದ ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿದರು. ನಡುವಿನ ನೀರು ಕ್ಷಣದಲ್ಲಿ ಆರಿತು, ಆದರೆ ಅಂಚಿನ ನೀರು ಹೊಳೆಯುತ್ತಲೇ ಇತ್ತು. ಅಂಚು ಬೇಯಲೆಂದು ಕಾದರೆ ನಡುವೆ ಕಪ್ಪು ಚುಕ್ಕೆ ಎದ್ದಿತು. ಹಂಚನ್ನು ಸರಿಸಿ ಅಂಚಿಗೆ ಉರಿ ಕೊಡೋಣವೆಂದರೆ ಬರ್ನರಿನ ಮುಚ್ಚಳ ಅಡ್ಡವಾಯಿತು. ಪಕ್ಕದ ಬರ್ನರಿನ ಉರಿಯ ಬಳೆ ಸಣ್ಣದು, ಅದರ ಜಾಲರಿಯೂ ಸಾಮಾನ್ಯವಾಗಿ ಒಂಬತ್ತು ಹತ್ತು ಅಂಗುಲದ್ದು. ಹನ್ನೆರಡು ಅಂಗುಲದ ಹಂಚಿಗೆ ಅದು ಸಾಲದು. ಇದಲ್ಲದೆ ಗ್ರಿಲ್ಲಿನ ಹಲಗೆ ನೆಲದಿಂದ ಸುಮಾರು ಮೂರು ಅಡಿ ಎತ್ತರದಲ್ಲಿರುತ್ತದೆ. ನೆಲದ ಮೇಲೆ ಕುಳಿತು ಬಡಿದು ರೂಢಿಯಾದ ಕೈಗೆ, ಒಂದು ಕಡೆ ಬಡಿದು ಇನ್ನೊಂದು ಕಡೆ ನಿಂತು ಬೇಯಿಸುವುದು ಹೊಂದುವುದಿಲ್ಲ.

ತೂಕದ ವಿಷಯವನ್ನೂ ನೋಡಿಕೊಳ್ಳಬೇಕು. ಪಕ್ಕದ ಹಲಗೆ ತೆಳು ತಗಡಿನದಾಗಿದ್ದು, ಒಂದೇ ಬದಿಯಲ್ಲಿ ತಿರುಪು ಬಿಗಿದು ನಿಂತಿರುತ್ತದೆ. ಕಾಳು, ಸೊಪ್ಪು, ತರಕಾರಿ ಕೂಡಿಸಿ ಬೇಯಿಸುವ ಎಳ್ಳ ಅಮಾವಾಸ್ಯೆಯ ಭಜ್ಜಿಯನ್ನು ಹದಿನೈದು ಮಂದಿಗೆ ಮಾಡುವ ಪಾತ್ರೆಯನ್ನು ಅದರ ಮೇಲೆ ಇಡುವುದು ಅಪಾಯ. ಅಂಗಡಿಯಲ್ಲೇ ಹಲಗೆಯ ತುದಿಯನ್ನು ಅಂಗೈಯಿಂದ ಒತ್ತಿ ನೋಡಿರಿ. ಕೆಳಗೆ ಬಾಗಿದರೆ ಅಥವಾ ಅಲುಗಾಡಿದರೆ ಅದರ ಮೇಲೆ ಕಾದ ಎಣ್ಣೆಯ ಬಾಣಲೆಯನ್ನು ಎಂದೂ ಇಡಬೇಡಿರಿ. ಕೈಪಿಡಿಯಲ್ಲಿ ಎಷ್ಟು ಕಿಲೋ ತಡೆಯುತ್ತದೆ ಎಂದು ಬರೆದಿದ್ದರೆ, ಆ ಲೆಕ್ಕದಲ್ಲಿ ಪಾತ್ರೆ ಮತ್ತು ನೀರಿನ ತೂಕ ಎರಡೂ ಸೇರಬೇಕು.

ಉರಿಯ ಶಕ್ತಿಯಲ್ಲಿ ಮಾತ್ರ ಕೊರತೆಯಿಲ್ಲ. ಅನೇಕ ಗ್ರಿಲ್‌ಗಳ ಪಕ್ಕದ ಬರ್ನರ್ 10,000ದಿಂದ 12,000 ಬಿಟಿಯು (ಗಂಟೆಗೆ ಕೊಡುವ ಕಾವಿನ ಅಳತೆ) ಎಂದು ನಮೂದಾಗಿರುತ್ತದೆ. 12,000 ಎಂದರೆ ಸುಮಾರು 3.5 ಕಿಲೋವ್ಯಾಟ್. ಪೂರ್ತಿ ತೆರೆದಾಗ ಅದು ಗಂಟೆಗೆ 270 ಗ್ರಾಂ ಆಸುಪಾಸಿನಲ್ಲಿ ಗ್ಯಾಸ್ ಸುಡುತ್ತದೆ. 14.2 ಕಿಲೋದ ಮನೆಬಳಕೆಯ ಸಿಲಿಂಡರಿನಲ್ಲಿ ಅದೊಂದೇ ಉರಿದರೆ ಐವತ್ತು ಗಂಟೆ ಬರುತ್ತದೆ, 5 ಕಿಲೋದ ಸಣ್ಣ ಸಿಲಿಂಡರಿನಲ್ಲಿ ಹದಿನೆಂಟು ಗಂಟೆ. ಆದರೆ ಸಣ್ಣ ಸಿಲಿಂಡರಿಗೆ ಗ್ರಿಲ್ಲಿನ ಎಲ್ಲ ಬರ್ನರುಗಳನ್ನೂ ಪಕ್ಕದ ಬರ್ನರನ್ನೂ ಒಟ್ಟಿಗೆ ಹಚ್ಚಿದರೆ, ಒಳಗಿನ ದ್ರವ ಬೇಗ ಬೇಗ ಆವಿಯಾಗುತ್ತ ಸಿಲಿಂಡರ್ ತಣ್ಣಗಾಗುತ್ತದೆ, ಅದರ ಮೈಮೇಲೆ ಬೆವರು ಕಟ್ಟುತ್ತದೆ, ಉರಿ ಇಳಿಯುತ್ತದೆ. ಇದನ್ನು ಗ್ಯಾಸ್ ಮುಗಿಯಿತೆಂದು ತಿಳಿದು ಸಿಲಿಂಡರನ್ನು ಅಲುಗಿಸುವವರಿದ್ದಾರೆ. ಹಾಗೆ ಮಾಡಬಾರದು, ಒಂದೆರಡು ಬರ್ನರ್ ಆರಿಸಿದರೆ ಸಾಕು.

ಕೊಳ್ಳುವಾಗ ಗ್ರಿಲ್ಲಿನ ಹಿಂಬದಿಯ ಪಟ್ಟಿಯಲ್ಲಿ ಎಲ್‌ಪಿಜಿ ಎಂದೂ 30 ಮಿಲಿಬಾರ್ ಎಂದೂ ಇರುವುದನ್ನು ಖಚಿತಪಡಿಸಿಕೊಳ್ಳಿರಿ, ಏಕೆಂದರೆ ನಮ್ಮ ಮನೆಬಳಕೆಯ ರೆಗ್ಯುಲೇಟರ್ ಕೊಡುವ ಒತ್ತಡ ಸುಮಾರು ಅಷ್ಟೇ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲಕ್ಕೆಂದು ಮಾಡಿದ ಗ್ರಿಲ್ಲಿನ ಜೆಟ್‌ಗಳ, ಅಂದರೆ ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ಮೂತಿಗಳ, ತೂತು ದೊಡ್ಡದು. ಅದಕ್ಕೆ ಸಿಲಿಂಡರ್ ಜೋಡಿಸಿದರೆ ಉರಿ ಅಳತೆ ಮೀರುತ್ತದೆ. ಮದುವೆ ಮನೆಯ ಭಟ್ಟಿಗೆ ಹಾಕುವ ಹೈ ಪ್ರೆಶರ್ ರೆಗ್ಯುಲೇಟರನ್ನಂತೂ ಗ್ರಿಲ್‌ಗೆ ಯಾವ ಕಾರಣಕ್ಕೂ ಹಾಕಬಾರದು. ಗ್ರಿಲ್ಲಿನ ಕಪಾಟು 14.2 ಕಿಲೋದ ಸಿಲಿಂಡರಿಗೆ ಗಿಡ್ಡವಾಗಬಹುದು, ಆದ್ದರಿಂದ ಅಳತೆಪಟ್ಟಿ ಒಯ್ಯಿರಿ. ಸಿಲಿಂಡರ್ ಎರಡು ಅಡಿಗಿಂತ ಸ್ವಲ್ಪ ಎತ್ತರವಿದ್ದು, ತುಂಬಿದಾಗ ಸುಮಾರು 30 ಕಿಲೋ ತೂಗುತ್ತದೆ. ಹೊರಗೆ ಇಡುವುದಾದರೆ ನೆಟ್ಟಗೆ, ನೆರಳಿನಲ್ಲಿ, ಪಕ್ಕದ ಬರ್ನರಿನ ನೇರ ಕೆಳಗೆ ಬಾರದಂತೆ ಇಡಬೇಕು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನ ಮಾಳಿಗೆಯಲ್ಲಿ ನೆರಳಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅಡುಗೆ ಮುಗಿದ ಮೇಲೆ ರೆಗ್ಯುಲೇಟರ್ ಬಿಚ್ಚಿ, ಸಿಲಿಂಡರಿಗೆ ಟೋಪಿ ಹಾಕಿಡುವುದು ಒಳ್ಳೆಯದು.

ಗಾಳಿಯೇ ಪಕ್ಕದ ಬರ್ನರಿನ ದೊಡ್ಡ ಶತ್ರು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬೀಸುವಾಗ ಉರಿ ಪಾತ್ರೆಯ ತಳ ಬಿಟ್ಟು ಒಂದು ಕಡೆಗೆ ಮಲಗುತ್ತದೆ, ಒಮ್ಮೊಮ್ಮೆ ಆರಿಹೋಗುತ್ತದೆ. ಆರಿದ್ದು ತಿಳಿಯದಿದ್ದರೆ ಗ್ಯಾಸ್ ಹರಿಯುತ್ತಲೇ ಇರುತ್ತದೆ. ತೆರೆದ ಮುಚ್ಚಳದ ಬೆನ್ನು ಪಡುವಣಕ್ಕೆ ಬರುವಂತೆ ಗ್ರಿಲ್ಲನ್ನು ತಿರುಗಿಸಿ ನಿಲ್ಲಿಸಿದರೆ ಅದೇ ಮರೆಯಾಗುತ್ತದೆ. ತಗಡನ್ನು ನಾಲ್ಕೂ ಕಡೆ ಸುತ್ತಬೇಡಿರಿ: ಕಾವು ಒಳಗೇ ನಿಂತು ಉರಿ ಏರಿಸಿ ಇಳಿಸುವ ಗುಬ್ಬಿಗೂ ಪೈಪಿಗೂ ಇಳಿಯುತ್ತದೆ.

ನನಗೆ ಒಮ್ಮೆ ಆದದ್ದನ್ನು ಹೇಳುವುದು ಇಲ್ಲಿ ಅವಶ್ಯ. ಮಳೆಗಾಲವಿಡೀ ಮುಚ್ಚಿಟ್ಟಿದ್ದ ಪಕ್ಕದ ಬರ್ನರನ್ನು ದಸರೆಯ ಹೊತ್ತಿಗೆ ಹಚ್ಚಿದಾಗ, ಉರಿ ಮೇಲೆ ಹಳದಿಯಾಗಿ ಸಣ್ಣಗೆ ಕಾಣಿಸಿ, ಮರುಕ್ಷಣ ಹಲಗೆಯ ಕೆಳಗೆ ಗುಬ್ಬಿಯ ಹತ್ತಿರ ಭುಗ್ಗೆಂದಿತು. ಸಿಲಿಂಡರ್ ಬಂದ್ ಮಾಡಿ, ತಣ್ಣಗಾದ ಮೇಲೆ ಬಿಚ್ಚಿ ನೋಡಿದರೆ, ಗ್ಯಾಸ್ ಮತ್ತು ಗಾಳಿ ಬೆರೆಯುವ ಕೊಳವೆಯೊಳಗೆ ಕಣಜವೊಂದು ಬೆರಳುಗಾತ್ರದ ಮಣ್ಣಿನ ಗೂಡು ಕಟ್ಟಿತ್ತು. ಮುಂದೆ ಹೋಗಲು ದಾರಿಯಿಲ್ಲದ ಗ್ಯಾಸ್ ಹಿಂದಿನಿಂದ ಹೊರಬಂದು ಹತ್ತಿಕೊಂಡಿತ್ತು. ಜೇಡರ ಬಲೆಯಿಂದಲೂ ಹೀಗೇ ಆಗುತ್ತದೆ. ಪಕ್ಕದ ಬರ್ನರ್ ತಿಂಗಳುಗಟ್ಟಲೆ ಸುಮ್ಮನಿರುವುದರಿಂದ ಈ ತೊಂದರೆ ಅದಕ್ಕೇ ಹೆಚ್ಚು. ಆದ್ದರಿಂದ ಬಹಳ ದಿನಗಳ ನಂತರ ಹಚ್ಚುವಾಗಲೆಲ್ಲ ಬರ್ನರನ್ನು ಎತ್ತಿ, ಬಾಟಲಿ ತೊಳೆಯುವ ಸಪೂರ ಬ್ರಷ್‌ನಿಂದ ಕೊಳವೆಯನ್ನು ಉಜ್ಜಿ, ಜೋಡಣೆಯ ಜಾಗಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಮುಚ್ಚಳ ತೆರೆದು, ಕಡ್ಡಿ ಅಥವಾ ಲೈಟರ್ ಕೈಯಲ್ಲಿ ಸಿದ್ಧವಿಟ್ಟುಕೊಂಡು, ಆಮೇಲೆ ಗುಬ್ಬಿ ತಿರುಗಿಸಬೇಕು. ಗ್ಯಾಸ್ ಸೋರಿಕೆ ಕೈಮೀರಿದರೆ ಕರೆ ಮಾಡಬೇಕಾದ ಸಂಖ್ಯೆ 1906.

ನಾವು ಕೊನೆಗೆ ಪಕ್ಕದ ಬರ್ನರನ್ನು ಒಗ್ಗರಣೆಗೂ ಚಹಾಕ್ಕೂ ಉಳಿಸಿಕೊಂಡೆವು. ರೊಟ್ಟಿಗೆ ಬೇರೆ ವ್ಯವಸ್ಥೆ ಮಾಡಿದೆವು: ಗಾಳಿಗೆ ಮರೆಯಾದ ಗೋಡೆಯ ಪಕ್ಕದಲ್ಲಿ, ಎರಡು ಸಾಲು ಇಟ್ಟಿಗೆಯ ಮೇಲೆ ಎರಡಡಿ ಅಗಲದ ಶಹಾಬಾದ್ ಕಲ್ಲನ್ನು ಮಟ್ಟವಾಗಿ ಕೂಡಿಸಿ, ಅದರ ಮೇಲೆ ದೊಡ್ಡ ಬರ್ನರಿನ ಒಂದೇ ಒಲೆ ಇಟ್ಟಿದ್ದೇವೆ. ಉರಿ ಕಲ್ಲಿಗೆ ನೇರ ತಾಗಬಾರದು, ತಾಗಿದರೆ ಆ ಕಲ್ಲು ಸಿಡಿಯುತ್ತದೆ. ಒಲೆಯ ಕಾಲು ನಾಲ್ಕು ಅಂಗುಲವಾದರೂ ಎತ್ತರವಿರಲಿ. ಗ್ರಿಲ್ಲಿನ ಪೈಪಿಗೇ ಟಿ ಆಕಾರದ ಕವಲು ಜೋಡಿಸಿ ಎರಡಕ್ಕೂ ಒಂದೇ ಸಿಲಿಂಡರ್ ಹಂಚುವ ಯೋಚನೆ ಬೇಡ, ಒಲೆಗೆ 5 ಕಿಲೋದ ಸಿಲಿಂಡರ್ ಪ್ರತ್ಯೇಕವಾಗಿರಲಿ. ತಾಯಿಯವರು ಈಗ ಮಣೆಯ ಮೇಲೆ ಕುಳಿತು ರೊಟ್ಟಿ ಬಡಿಯುತ್ತಾರೆ, ಹಂಚು ಅವರ ಬಲಗೈಗೆ ಸಿಗುತ್ತದೆ, ಅಂಚಿನ ನೀರು ನಡುವಿನ ನೀರಿನ ಜೊತೆಗೇ ಆರುತ್ತದೆ.